ಗೊರಕೆಗೆ ನೀಲಗಿರಿ ಎಣ್ಣೆ: ನಾನು ಮಾಡಿ ನೋಡಿದ್ದು

ಬೆಳಿಗ್ಗೆ ಎದ್ದಾಗ ಹೆಂಡತಿಯ ದಿಂಬು ಹಾಲ್‌ನ ಸೋಫಾ ಮೇಲಿತ್ತು. "ನಾನೇನು ಅಷ್ಟು ಜೋರಾಗಿ ಗೊರಕೆ ಹೊಡೆಯಲ್ಲ" ಅಂದೆ. ಅವಳು ಮಾತಾಡದೆ ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿದಳು. ಮುಂದೆ ವಾದಿಸಲು ಏನೂ ಉಳಿಯಲಿಲ್ಲ.

ಔಷಧಿ ನುಂಗುವ ಮನಸ್ಸಿರಲಿಲ್ಲ, ಹಾಗಾಗಿ ಸುಗಂಧ ತೈಲ ಹಿಡಿದೆ. ಮೊದಲ ರಾತ್ರಿಯೇ ಎಡವಟ್ಟು. ಪುದೀನಾ ಎಣ್ಣೆಯನ್ನು ಹಾಗೇ ಮೂಗಿನ ಕೆಳಗೆ ಸವರಿಕೊಂಡೆ. ಚರ್ಮ ಉರಿದು ಕೆಂಪಾಯಿತು, ಕಣ್ಣಲ್ಲಿ ನೀರು, ನಿದ್ದೆ ದೂರದ ಮಾತು. ಈ ಎಣ್ಣೆಗಳು ಬಹಳ ಗಾಢ, ಬೆರೆಸದೆ ಮೈಗೆ ತಾಗಿಸಬಾರದು. ಆಮೇಲೆ 30 ಮಿಲಿ ಬಾದಾಮಿ ಎಣ್ಣೆಗೆ 12 ಹನಿ, ಅಂದರೆ ಸುಮಾರು 2%, ಬೆರೆಸಿ ಎದೆಗೆ ಮಾತ್ರ ಹಚ್ಚತೊಡಗಿದೆ. ಮುಖದ ತಂಟೆಗೆ ಹೋಗಲಿಲ್ಲ.

ಫಲ ಇದೆಯೋ ಇಲ್ಲವೋ ಅಂತ ಅವಳನ್ನೇ ಕೇಳುತ್ತಾ ಕೂತರೆ ಅದು ನ್ಯಾಯವಲ್ಲ. ರಾತ್ರಿಯೆಲ್ಲ ಫೋನ್‌ನಲ್ಲಿ ರೆಕಾರ್ಡ್ ಮಾಡಿಟ್ಟೆ, ಒಂದು ರಾತ್ರಿ ಎಣ್ಣೆ ಹಚ್ಚಿ, ಮರುರಾತ್ರಿ ಹಚ್ಚದೆ. ಹೀಗೆ ಮೂರು ವಾರ.

ಮೂಗು ಕಟ್ಟಿದ ರಾತ್ರಿಗಳಲ್ಲಿ ನೀಲಗಿರಿ ಹಬೆ ತೆಗೆದುಕೊಂಡು ಮಲಗಿದರೆ ಗೊರಕೆ ನಿಜಕ್ಕೂ ತಗ್ಗುತ್ತಿತ್ತು. ಮೂಗು ಬಿಟ್ಟುಕೊಂಡರೆ ಬಾಯಿ ಮುಚ್ಚಿ ಉಸಿರಾಡುತ್ತೇನೆ, ಅದೇ ಕಾರಣ ಇರಬೇಕು. ಕುತೂಹಲಕ್ಕೆ ಎಣ್ಣೆಯಿಲ್ಲದ ಬರೀ ಬಿಸಿನೀರಿನ ಹಬೆಯನ್ನೂ ತೆಗೆದುಕೊಂಡೆ. ಹೆಚ್ಚು ಕಡಿಮೆ ಅಷ್ಟೇ ಫಲ! ಪುದೀನಾ ಎಣ್ಣೆಯಲ್ಲಿ ತಂಪು ಕೊಡುವ ಅಂಶವಾದ ಮೆಂಥಾಲ್ ಮಾಡುವುದು ಇಷ್ಟೇ: ಮೂಗಿನೊಳಗೆ ತಂಪನ್ನು ಗುರುತಿಸುವ ನರಗಳನ್ನು ಕೆಣಕಿ, ಗಾಳಿ ಸಲೀಸಾಗಿ ಹೋಗುತ್ತಿದೆ ಅನ್ನಿಸುವಂತೆ ಮಾಡುತ್ತದೆ. ದಾರಿ ಅಗಲವಾಗಿರಲೇಬೇಕೆಂದಿಲ್ಲ.

ಲ್ಯಾವೆಂಡರ್ ಎಣ್ಣೆಯನ್ನು ಡಿಫ್ಯೂಸರ್‌ಗೆ, ಅಂದರೆ ಕೋಣೆಯಲ್ಲಿ ಪರಿಮಳ ಹರಡುವ ಸಾಧನಕ್ಕೆ, ಹಾಕಿ ನೋಡಿದೆ. ನಿದ್ದೆ ಬೇಗ ಬಂತು, ಗೊರಕೆಯೂ ಬೇಗ ಶುರುವಾಯಿತು, ಅಷ್ಟೇ.

ಮೂಗು ಚೆನ್ನಾಗಿದ್ದ ರಾತ್ರಿಗಳಲ್ಲಿ ಯಾವ ಎಣ್ಣೆಯಿಂದಲೂ ವ್ಯತ್ಯಾಸ ಕಾಣಲಿಲ್ಲ. ಕಾರಣ ಆಮೇಲೆ ಹೊಳೆಯಿತು. ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಕಿರಿದಾಗುತ್ತದೆ, ಅಲ್ಲಿ ನುಗ್ಗುವ ಗಾಳಿಗೆ ಕಿರುನಾಲಿಗೆ, ಮೆದು ಅಂಗುಳು ಅದುರುತ್ತವೆ. ಎದೆಗೆ ಹಚ್ಚಿದ ವಾಸನೆ ಅಲ್ಲಿ ಏನು ಮಾಡೀತು? ಬೆನ್ನಿಗೆ ಒಂದು ಉದ್ದ ದಿಂಬು ಕೊಟ್ಟು ಮಗ್ಗುಲಾಗಿ ಮಲಗಿದ ರಾತ್ರಿಗಳೇ ಎಲ್ಲಕ್ಕಿಂತ ಶಾಂತವಾಗಿದ್ದವು.

ಕೆಲವು ಎಚ್ಚರಿಕೆ ಹೇಳಲೇಬೇಕು. ಚಿಕ್ಕ ಮಕ್ಕಳ ಮುಖದ ಹತ್ತಿರ ನೀಲಗಿರಿ, ಪುದೀನಾ ಎಣ್ಣೆ ಬೇಡ, ಉಸಿರಿಗೇ ತೊಂದರೆಯಾಗಬಹುದು. ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ವಿಷ. ಆಸ್ತಮಾ ಇರುವವರಿಗೆ ಗಾಢ ವಾಸನೆಯೇ ಕೆಮ್ಮು ಎಬ್ಬಿಸೀತು. ಮನೆಯಲ್ಲಿ ಬೆಕ್ಕಿದ್ದರೆ ಡಿಫ್ಯೂಸರ್ ಆಸೆ ಬಿಡಿ.

ಇನ್ನೊಂದು ಸಂಗತಿಗೆ ಎಣ್ಣೆ ಸವರಿ ಕೂರಬಾರದು. ರೆಕಾರ್ಡ್ ಕೇಳುವಾಗ ನಾನು ಗೊರಕೆಗಿಂತ ಹೆಚ್ಚಾಗಿ ಅದರ ನಡುವಿನ ಮೌನಕ್ಕೆ ಕಿವಿಗೊಟ್ಟೆ. ಉಸಿರು 10 ಸೆಕೆಂಡು ಅಥವಾ ಹೆಚ್ಚು ನಿಂತು, ಆಮೇಲೆ ಕೊಸರಿ ಶುರುವಾಗುತ್ತಿದ್ದರೆ, ಹಗಲೆಲ್ಲ ತೂಕಡಿಕೆ ಬರುತ್ತಿದ್ದರೆ ಅದು ಸ್ಲೀಪ್ ಅಪ್ನಿಯಾ ಇರಬಹುದು. ವೈದ್ಯರ ಬಳಿ ನಿದ್ದೆಯ ಪರೀಕ್ಷೆ ಆಗಬೇಕು. ನನ್ನ ರೆಕಾರ್ಡ್‌ನಲ್ಲಿ ಅಂಥದ್ದು ಕೇಳಲಿಲ್ಲ, ಆದರೂ ಒಮ್ಮೆ ತೋರಿಸಿ ಬಂದೆ.

ನೀಲಗಿರಿ ಬಾಟಲಿ ಈಗಲೂ ಇದೆ, ನೆಗಡಿಯಾದಾಗ ಹೊರಬರುತ್ತದೆ. ಹೆಂಡತಿಯ ದಿಂಬು ಹಾಸಿಗೆಗೆ ಮರಳಿದೆ. ನನ್ನ ಬೆನ್ನಿಗಿರುವ ದಿಂಬು ಸರಿದುಹೋದ ರಾತ್ರಿ ಮಾತ್ರ ಮೊಣಕೈ ತಿವಿತ ಬೀಳುತ್ತದೆ.