ಬ್ರಿಟನ್ನಿನ ಡ್ರೈವಿಂಗ್ ಟೆಸ್ಟಿನಲ್ಲಿ ನ್ಯಾಯ ಸಿಗುತ್ತದೆಯೇ?

ಬ್ರಿಟನ್ನಿನಲ್ಲಿ ನಮ್ಮವರು ನಾಲ್ಕು ಜನ ಸೇರಿದ ಕಡೆ ಡ್ರೈವಿಂಗ್ ಟೆಸ್ಟಿನ ಮಾತು ಬಂದರೆ ಸಾಕು, ದೂರು ಶುರು. ‘ಊರಲ್ಲಿ ಇಷ್ಟು ವರ್ಷ ಗಾಡಿ ಓಡಿಸಿದ್ದೀನಿ, ಬೇಕಂತಲೇ ಫೇಲ್ ಮಾಡಿದ್ರು’ ಅಂತ ಒಬ್ಬರು. ‘ದಿನಕ್ಕೆ ಇಷ್ಟೇ ಜನ ಪಾಸ್ ಆಗ್ಬೇಕು ಅಂತ ಕೋಟಾ ಇದೆ’ ಅಂತ ಇನ್ನೊಬ್ಬರು. ಮೈಬಣ್ಣ ನೋಡಿಯೇ ಹೀಗೆ ಮಾಡುತ್ತಾರೆ ಅನ್ನುವವರೂ ಇದ್ದಾರೆ. ಮಾರ್ಕು ಹಾಕುವ ಕ್ರಮ ಹೇಗಿದೆ ಅಂತ ತಿಳಿದುಕೊಂಡು ಟೆಸ್ಟಿಗೆ ಹೋದರೆ ದುಡ್ಡೂ ಉಳಿಯುತ್ತದೆ, ಮನಸ್ಸೂ ಕೆಡುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾರಿನೊಳಗೆ ನಡೆಯುವ ತೀರ್ಮಾನ ಬಹುಮಟ್ಟಿಗೆ ನ್ಯಾಯವಾಗಿಯೇ ಇರುತ್ತದೆ. ಅನ್ಯಾಯ ಜಾಸ್ತಿ ಇರುವುದು ಟೆಸ್ಟಿನ ದಿನ ಸಿಗುವುದರಲ್ಲಿ. ಇನ್ನು, ಒಮ್ಮೆ ಫೇಲ್ ಅಂದಮೇಲೆ ಅದನ್ನು ಪಾಸ್ ಮಾಡಿಸುವ ದಾರಿ ಇಲ್ಲಿ ಇಲ್ಲವೇ ಇಲ್ಲ. ಹಾಗಾಗಿ ನಮ್ಮ ಕೈಲಾದದ್ದನ್ನೆಲ್ಲ ಮೊದಲೇ ಮಾಡಿಕೊಳ್ಳಬೇಕು. ನಾನು ಹೇಳುತ್ತಿರುವುದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರರ ಟೆಸ್ಟ್ ನಡೆಸುವ ಸರ್ಕಾರಿ ಸಂಸ್ಥೆ ಡಿವಿಎಸ್‌ಎ ಬಗ್ಗೆ. ಉತ್ತರ ಐರ್ಲೆಂಡಿನ ವ್ಯವಸ್ಥೆ ಬೇರೆ.

ಭಾರತದ ಲೈಸೆನ್ಸ್ ಇದ್ದರೆ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಓಡಿಸಬಹುದು. ಆಸ್ಟ್ರೇಲಿಯಾ, ಜಪಾನಿನಂಥ ಕೆಲವು ದೇಶದವರಿಗೆ ಲೈಸೆನ್ಸ್ ಬದಲಾಯಿಸಿಕೊಳ್ಳುವ ಅವಕಾಶ ಇದೆ. ಭಾರತ ಆ ಪಟ್ಟಿಯಲ್ಲಿಲ್ಲ. ಪ್ರಾವಿಷನಲ್ ಲೈಸೆನ್ಸ್ (ಕಲಿಯುವವರಿಗೆ ಕೊಡುವುದು), ಥಿಯರಿ, ಆಮೇಲೆ ಪ್ರಾಕ್ಟಿಕಲ್ ಎಲ್ಲ ಮೊದಲಿನಿಂದಲೇ ಆಗಬೇಕು. ಥಿಯರಿ ಪೂರ್ತಿ ಕಂಪ್ಯೂಟರಿನ ಮುಂದೆ. ಪ್ರಶ್ನೆಗಳಲ್ಲಿ 50ಕ್ಕೆ 43, ಅಪಾಯ ಗುರುತಿಸುವ ವಿಡಿಯೋಗಳಲ್ಲಿ 75ಕ್ಕೆ 44 ಬರಬೇಕು. ಅಲ್ಲಿ ಯಾರ ಮುಲಾಜೂ ಇಲ್ಲ. ತಕರಾರು ಎಲ್ಲ ಪ್ರಾಕ್ಟಿಕಲ್ ಬಗ್ಗೆಯೇ.

ಸುಮಾರು 40 ನಿಮಿಷ ನಿಜವಾದ ರಸ್ತೆಯಲ್ಲಿ, ನಿಜವಾದ ಟ್ರಾಫಿಕ್ಕಿನಲ್ಲಿ ಓಡಿಸಬೇಕು. ತಪ್ಪುಗಳಲ್ಲಿ ಮೂರು ತರ: ಮೈನರ್, ಸೀರಿಯಸ್, ಡೇಂಜರಸ್. ಮೈನರ್ 15ರವರೆಗೆ ಆದರೂ ಪಾಸ್, 16 ಆದರೆ ಫೇಲ್. ಸೀರಿಯಸ್ ಅಥವಾ ಡೇಂಜರಸ್ ಒಂದೇ ಒಂದು ಆದರೂ ಫೇಲ್. ‘ಬರೀ ಒಂದು ತಪ್ಪಿಗೆ ಫೇಲ್ ಮಾಡಿದ್ರು’ ಅನ್ನುವ ಮಾತು ಹುಟ್ಟುವುದು ಇಲ್ಲಿಂದಲೇ.

ಒಂದು ಉದಾಹರಣೆ ನೋಡೋಣ. ಎಡಗಡೆ ಒಂದು ಕಾರು ನಿಂತಿದೆ, ಅದನ್ನು ದಾಟಲು ನೀವು ಸ್ವಲ್ಪ ಬಲಕ್ಕೆ ಬರುತ್ತೀರಿ. ಕನ್ನಡಿ ನೋಡಲಿಲ್ಲ. ಹಿಂದೆ ಯಾರೂ ಇರಲಿಲ್ಲ ಅಂದರೆ ಅದು ಮೈನರ್. ಹಿಂದೆಯೇ ಒಬ್ಬ ಬೈಕಿನವನು ಬರುತ್ತಿದ್ದು, ಏನೂ ಆಗದಿದ್ದರೂ ಆಗಬಹುದಿತ್ತು ಅನ್ನಿಸಿದರೆ ಸೀರಿಯಸ್. ಆ ಬೈಕಿನವನು ಗಕ್ಕನೆ ಬ್ರೇಕ್ ಹಾಕಬೇಕಾಯಿತು, ಇಲ್ಲವೇ ಎಕ್ಸಾಮಿನರ್ ತಾನೇ ಸ್ಟೀರಿಂಗಿಗೆ ಕೈ ಹಾಕಬೇಕಾಯಿತು ಅಂದರೆ ಡೇಂಜರಸ್. ನೀವು ಮಾಡಿದ್ದು ಮೂರು ಸಲವೂ ಅದೇ. ಲೆಕ್ಕಕ್ಕೆ ಬರುವುದು ಅದರಿಂದ ಯಾರಿಗೆ ಎಷ್ಟು ಅಪಾಯ ಅನ್ನುವುದು. ಹಿಂದೆ ಯಾರೂ ಇಲ್ಲದಿದ್ದರೂ ಅದೇ ತಪ್ಪು ಮತ್ತೆ ಮತ್ತೆ ಆದರೆ ಅದು ಅಭ್ಯಾಸ ಅಂತ ತಿಳಿದು ಸೀರಿಯಸ್ ಮಾಡುತ್ತಾರೆ. ನನಗೆ ಇದು ಸರಿ ಅನ್ನಿಸುತ್ತದೆ.

ಬೆಂಗಳೂರಿನ ಜ್ಞಾನಭಾರತಿ ಟ್ರ್ಯಾಕಿನಲ್ಲಿ ಸೆನ್ಸರ್ ಇಟ್ಟು ಟೆಸ್ಟ್ ಮಾಡುತ್ತಾರೆ. ಇಲ್ಲೂ ಹಾಗೆ ಮಾಡಬಾರದಾ ಅಂತ ಕೇಳುವವರಿದ್ದಾರೆ. ಸೆನ್ಸರಿಗೆ ಜಾತಿ, ಬಣ್ಣ, ಲಂಚ ಗೊತ್ತಿಲ್ಲ, ಅದು ನಿಜ. ಆದರೆ ಜೀಬ್ರಾ ಕ್ರಾಸಿಂಗಿನ ಹತ್ತಿರ ನಿಂತ ಅಜ್ಜಿಯನ್ನು ನೀವು ಗಮನಿಸಿದಿರಾ ಇಲ್ಲವಾ ಅನ್ನುವುದೂ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಒಬ್ಬ ಮನುಷ್ಯ ಕೂತಿರಲೇಬೇಕು. ಮನುಷ್ಯ ಅಂದಮೇಲೆ ಮೈನರ್, ಸೀರಿಯಸ್ ನಡುವೆ ಒಂದಿಷ್ಟು ಹೆಚ್ಚುಕಮ್ಮಿ ಆಗುತ್ತದೆ. ಅದನ್ನು ಹಿಡಿತದಲ್ಲಿಡಲು ಹಿರಿಯ ಅಧಿಕಾರಿ ಆಗಾಗ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಅವರು ನೋಡುವುದು ನಿಮ್ಮನ್ನಲ್ಲ, ಎಕ್ಸಾಮಿನರನ್ನು. ಹಾಗೆ ಯಾರಾದರೂ ಬಂದು ಕೂತರೆ ಗಾಬರಿ ಬೇಡ, ಅದರಿಂದ ನಿಮಗೆ ಒಳ್ಳೆಯದೇ. ಕೋಟಾ ಅನ್ನುವುದು ಮಾತ್ರ ಸುಮ್ನೆ ಹುಟ್ಟಿಕೊಂಡ ಸುದ್ದಿ. ಇಡೀ ದೇಶದಲ್ಲಿ ಟೆಸ್ಟ್ ಕೊಡುವ ನೂರು ಜನರಲ್ಲಿ ಪಾಸ್ ಆಗುವುದು ಸುಮಾರು 48 ಜನ. ಇಲ್ಲೇ ಹುಟ್ಟಿ ಬೆಳೆದವರೂ ಅರ್ಧಕ್ಕರ್ಧ ಫೇಲ್ ಆಗುತ್ತಾರೆ.

ಕೇಂದ್ರದಿಂದ ಕೇಂದ್ರಕ್ಕೆ ವ್ಯತ್ಯಾಸ ದೊಡ್ಡದೇ. ಸ್ಕಾಟ್ಲೆಂಡಿನ ಹಳ್ಳಿ ಕಡೆಯ ಕೇಂದ್ರಗಳಲ್ಲಿ ಪಾಸ್ ಆಗುವವರು ಜಾಸ್ತಿ, ಲಂಡನ್, ಬರ್ಮಿಂಗ್‌ಹ್ಯಾಮಿನ ಎಷ್ಟೋ ಕೇಂದ್ರಗಳಲ್ಲಿ ಕಡಿಮೆ. ಈ ಅಂಕಿಅಂಶವನ್ನು ಸರ್ಕಾರವೇ ಪ್ರಕಟಿಸುತ್ತದೆ. ಹಳ್ಳಿ ಕಡೆಯ ಎಕ್ಸಾಮಿನರುಗಳು ಮೃದು ಅಂತಲ್ಲ, ಅಲ್ಲಿ ರಸ್ತೆ ಖಾಲಿ. ಅದನ್ನು ನೋಡಿ ದೂರದ ಊರಿಗೆ ಹೋಗಿ ಟೆಸ್ಟ್ ಕೊಡುವವರಿದ್ದಾರೆ. ಆ ರಸ್ತೆಗಳಲ್ಲಿ ಮೊದಲೇ ಓಡಿಸಿ ಅಭ್ಯಾಸ ಇಲ್ಲದಿದ್ದರೆ ಬೇಡ ಅಂತ ನನ್ನ ಸಲಹೆ.

ಡಿವಿಎಸ್‌ಎ ಪ್ರತಿವರ್ಷ ಹೇಳುವ ಫೇಲ್ ಕಾರಣಗಳಲ್ಲಿ ಮೊದಲ ಸಾಲಿನಲ್ಲೇ ಇರುವುದು ಜಂಕ್ಷನ್ನಿನಲ್ಲಿ ಸರಿಯಾಗಿ ನೋಡದೆ ಹೋಗುವುದು ಮತ್ತು ತಿರುಗುವ ಮುಂಚೆ ಕನ್ನಡಿ ನೋಡದಿರುವುದು. ನಮ್ಮವರು ಎಡವುವುದೂ ಅಲ್ಲೇ. ಇಲ್ಲೂ ಎಡಗಡೆಯೇ ಓಡಿಸುವುದರಿಂದ ಎಲ್ಲ ಗೊತ್ತಿದೆ ಅನ್ನಿಸಿಬಿಡುತ್ತದೆ. ಊರಿನ ಸರ್ಕಲ್ಲಿನಲ್ಲಿ ಮೂತಿ ತೂರಿಸಿದವನಿಗೆ ದಾರಿ. ಇಲ್ಲಿನ ರೌಂಡ್‌ಅಬೌಟಿನಲ್ಲಿ ಬಲಗಡೆಯಿಂದ ಬರುವವನಿಗೆ ದಾರಿ, ಅವನು ಎಷ್ಟೇ ಚಿಕ್ಕ ಗಾಡಿಯಲ್ಲಿರಲಿ. ನೆಲಕ್ಕೆ ಬಿಳಿ ಬಣ್ಣದ ಗುಂಡು ಬಳಿದಿರುವ ಮಿನಿ ರೌಂಡ್‌ಅಬೌಟಿಗೂ ಅದೇ ನಿಯಮ. ಸೈಕಲ್ಲಿನವರನ್ನು ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಬೇಕು. 2022ರ ಜನವರಿಯಿಂದ, ನೀವು ತಿರುಗುವ ರಸ್ತೆಯನ್ನು ಯಾರಾದರೂ ದಾಟಲು ಕಾಯುತ್ತಿದ್ದರೂ ಅವರಿಗೆ ದಾರಿ ಬಿಡಬೇಕು. ವೇಲ್ಸಿನಲ್ಲಿ ಮನೆಗಳಿರುವ ಹೆಚ್ಚಿನ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 20 ಮೈಲಿ. ಹಾಗಂತ ಹೆದರಿ ಹೆದರಿ ಹೋದರೂ ತಪ್ಪೇ. ದಾರಿ ಖಾಲಿ ಇದ್ದಾಗ ಹೋಗದೆ ನಿಂತರೆ ಅದಕ್ಕೂ ಮಾರ್ಕು ಹಾಕುತ್ತಾರೆ.

ಎಕ್ಸಾಮಿನರ್ ಮಾತಾಡದೆ ಗಂಟು ಮುಖ ಹಾಕಿಕೊಂಡು ಕೂತರೆ ಸಿಟ್ಟು ಅಂತ ತಿಳಿಯಬೇಡಿ. ನಿಮ್ಮ ಗಮನ ಕೆಡಿಸಬಾರದು ಅಂತ ಸುಮ್ಮನಿರುತ್ತಾರೆ. ಅವರ ಇಂಗ್ಲಿಷ್ ಉಚ್ಚಾರ ಅರ್ಥವಾಗದಿದ್ದರೆ ‘ಇನ್ನೊಮ್ಮೆ ಹೇಳಿ’ ಅಂತ ಧೈರ್ಯವಾಗಿ ಕೇಳಿ. ಎಡಕ್ಕೆ ಅಂದಾಗ ಬಲಕ್ಕೆ ಹೋದರೂ, ಸರಿಯಾಗಿ ಸಿಗ್ನಲ್ ಕೊಟ್ಟು, ಜಾಗ್ರತೆಯಿಂದ ತಿರುಗಿದ್ದರೆ ಅದು ತಪ್ಪಲ್ಲ. 2014ರ ಏಪ್ರಿಲ್‌ವರೆಗೆ ನಮ್ಮ ಭಾಷೆಗೆ ಅನುವಾದ ಮಾಡಿ ಹೇಳುವವರನ್ನು ಕರೆದೊಯ್ಯಬಹುದಿತ್ತು, ಈಗ ಆಗುವುದಿಲ್ಲ. ಊರಿಂದ ಬಂದ ಅಪ್ಪ-ಅಮ್ಮ ಟೆಸ್ಟ್ ಕೊಡುವುದಾದರೆ ‘ಸ್ಲಿಪ್ ರೋಡ್’ (ದೊಡ್ಡ ರಸ್ತೆಗೆ ಸೇರುವ ಇಲ್ಲವೇ ಅದರಿಂದ ಹೊರಬರುವ ದಾರಿ), ‘ಪುಲ್ ಅಪ್’ (ಗಾಡಿ ಪಕ್ಕಕ್ಕೆ ನಿಲ್ಲಿಸುವುದು), ‘ಬೇ ಪಾರ್ಕ್’ (ಗೆರೆ ಹಾಕಿದ ಜಾಗದೊಳಗೆ ನಿಲ್ಲಿಸುವುದು) ತರದ ಮಾತುಗಳನ್ನು ಮೊದಲೇ ಕಿವಿಗೆ ಹಾಕಿರಿ.

ಒಂದು ಅವಕಾಶವನ್ನು ನಮ್ಮವರು ಸುಮ್ನೆ ಬಿಟ್ಟುಬಿಡುತ್ತಾರೆ: ನಿಮ್ಮ ಇನ್‌ಸ್ಟ್ರಕ್ಟರನ್ನು ಟೆಸ್ಟಿನಲ್ಲಿ ಹಿಂದೆ ಕೂರಿಸಿಕೊಳ್ಳಬಹುದು. ಅವರು ಬಾಯಿ ಬಿಡುವ ಹಾಗಿಲ್ಲ, ಅಷ್ಟೇ. ಏನಾದರೂ ವಿವಾದ ಬಂದರೆ ಕಣ್ಣಾರೆ ಕಂಡವರು ಒಬ್ಬರಿರುತ್ತಾರೆ. ಡ್ಯಾಶ್‌ಕ್ಯಾಮ್ ಇರಬಹುದು, ಆದರೆ ಅದು ಹೊರಗಿನ ರಸ್ತೆಯನ್ನು ಮಾತ್ರ ಹಿಡಿಯಬೇಕು. ಒಳಗಿನ ಮಾತು ರೆಕಾರ್ಡ್ ಆಗಬಾರದು.

ಬೈಕಿನವರ ದಾರಿ ಸ್ವಲ್ಪ ಬೇರೆ. ಮೊದಲು ಸಿಬಿಟಿ ಅನ್ನುವ ತರಬೇತಿ, ಅದರ ಸರ್ಟಿಫಿಕೇಟು 2 ವರ್ಷ ನಡೆಯುತ್ತದೆ. ಆಮೇಲೆ ಮಾಡ್ಯೂಲ್ 1, ಮುಚ್ಚಿದ ಮೈದಾನದಲ್ಲಿ: ಎಂಟು ಹಾಕುವುದು, ನಿಧಾನಕ್ಕೆ ಓಡಿಸುವುದು, ಯು-ಟರ್ನ್, ಗಕ್ಕನೆ ನಿಲ್ಲಿಸುವುದು. ಅಡ್ಡ ಬಂದದ್ದನ್ನು ತಪ್ಪಿಸುವ ಸುತ್ತಿನಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗ ಮುಟ್ಟಲೇಬೇಕು, ಅದನ್ನು ಯಂತ್ರ ಅಳೆಯುತ್ತದೆ. ಮೈನರ್ 5 ದಾಟಬಾರದು. ಮಾಡ್ಯೂಲ್ 2 ರಸ್ತೆಯಲ್ಲಿ. ಎಕ್ಸಾಮಿನರ್ ಹಿಂದೆ ಬರುತ್ತಾ ಕಿವಿಯ ರೇಡಿಯೋದಲ್ಲಿ ದಾರಿ ಹೇಳುತ್ತಾರೆ, ಅಲ್ಲಿ 10ರವರೆಗೆ ನಡೆಯುತ್ತದೆ. ಹಿಂದಿನಿಂದ ನೋಡುವವರಿಗೆ ನಿಮ್ಮ ಕಣ್ಣು ಕಾಣುವುದಿಲ್ಲ, ಅಲ್ವಾ? ಹಾಗಾಗಿ ಹೆಗಲ ಮೇಲಿಂದ ಹಿಂದೆ ನೋಡುವಾಗ ಕತ್ತು ಚೆನ್ನಾಗಿ ತಿರುಗಲಿ.

ಫೇಲ್ ಆದರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ. ಯಾವ ಜಾಗದಲ್ಲಿ, ಯಾವ ತಪ್ಪು ಅಂತ ಕೇಳಿ, ವರದಿ ಇಮೇಲಿನಲ್ಲಿ ಬರುತ್ತದೆ. ನಿಯಮದ ಪ್ರಕಾರ ಟೆಸ್ಟ್ ನಡೆದಿಲ್ಲ ಅನ್ನಿಸಿದರೆ ಡಿವಿಎಸ್‌ಎಗೆ ದೂರು ಕೊಡಬಹುದು. ಇಂಗ್ಲೆಂಡ್, ವೇಲ್ಸಿನಲ್ಲಿ 6 ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ, ಸ್ಕಾಟ್ಲೆಂಡಿನಲ್ಲಿ 21 ದಿನದೊಳಗೆ ಶೆರಿಫ್ ಕೋರ್ಟಿಗೆ ಹೋಗಬಹುದು. ಗೆದ್ದರೂ ಸಿಗುವುದು ಹೆಚ್ಚೆಂದರೆ ಇನ್ನೊಂದು ಉಚಿತ ಟೆಸ್ಟ್, ಫಲಿತಾಂಶ ಬದಲಾಗದು. ವಕೀಲರ ಖರ್ಚು ನೋಡಿದರೆ ಟೆಸ್ಟ್ ಫೀಸೇ ಕಡಿಮೆ. ಆದರೆ ಬಣ್ಣದ ಬಗ್ಗೆಯೋ ಭಾಷೆಯ ಬಗ್ಗೆಯೋ ಕೆಟ್ಟ ಮಾತು ಬಂದಿದ್ದರೆ ಸುಮ್ಮನಿರಬೇಡಿ. ಅವತ್ತೇ ಸಮಯ, ಜಾಗ, ಆಡಿದ ಮಾತು ಬರೆದಿಟ್ಟು ದೂರು ಕೊಡಿ.

ನನಗೆ ನಿಜಕ್ಕೂ ಬೇಜಾರಾಗುವುದು ದಿನಾಂಕದ ವಿಷಯದಲ್ಲಿ. ಎಷ್ಟೋ ಕೇಂದ್ರಗಳಲ್ಲಿ ಐದಾರು ತಿಂಗಳು ಕಾಯಬೇಕು. ವಾರದ ದಿನಗಳಲ್ಲಿ ಫೀಸು 62 ಪೌಂಡ್, ಸಂಜೆ ಮತ್ತು ವಾರಾಂತ್ಯಕ್ಕೆ 75. ಅದೇ ದಿನಾಂಕಗಳನ್ನು ಸಾಫ್ಟ್‌ವೇರ್ ಹಾಕಿ ಬಾಚಿಕೊಂಡು ಕೆಲವರು ನೂರಾರು ಪೌಂಡಿಗೆ ಮಾರುತ್ತಾರೆ. ದುಡ್ಡಿದ್ದವನಿಗೆ ಬೇಗ ಟೆಸ್ಟ್, ಇಲ್ಲದವನು ಬಸ್ಸಿಗೆ ಕಾಯಬೇಕು ಅನ್ನುವುದು ಯಾವ ನ್ಯಾಯ? ಅವರ ಹತ್ತಿರ ಹೋಗಬೇಡಿ. ಸರ್ಕಾರದ ವೆಬ್‌ಸೈಟಿನಲ್ಲೇ ಬುಕ್ ಮಾಡಿ, ಬಿಟ್ಟುಕೊಟ್ಟ ದಿನಾಂಕಗಳಿಗಾಗಿ ಅಲ್ಲೇ ಆಗಾಗ ನೋಡುತ್ತಿರಿ. ಥಿಯರಿ ಪಾಸಾಗಿ 2 ವರ್ಷದೊಳಗೆ ಪ್ರಾಕ್ಟಿಕಲ್ ಮುಗಿಯಬೇಕು, ಆ ಲೆಕ್ಕ ನೆನಪಿರಲಿ. ಫೇಲ್ ಆದವರು ಮುಂದಿನ ಟೆಸ್ಟನ್ನು 10 ಕೆಲಸದ ದಿನಗಳಾದ ಮೇಲಿನ ದಿನಾಂಕಕ್ಕೆ ತೆಗೆದುಕೊಳ್ಳಬಹುದು. ಸರದಿ ಉದ್ದ ಇರುವುದರಿಂದ ಅವತ್ತೇ ಬುಕ್ ಮಾಡಿಬಿಡುವುದು ಒಳ್ಳೆಯದು. ತಯಾರಿ ಆಗಿಲ್ಲ ಅನ್ನಿಸಿದರೆ ಟೆಸ್ಟಿಗೆ ಪೂರ್ತಿ 10 ಕೆಲಸದ ದಿನ ಇರುವಾಗಲೇ ದಿನ ಬದಲಾಯಿಸಿ. ತಡವಾದರೆ ಕಟ್ಟಿದ ಫೀಸು ಹೋಗುತ್ತದೆ.