ನೀಲಿ ಮುಚ್ಚಳದ ಟ್ಯೂಬ್ ಗೆರೆಯವರೆಗೆ ತುಂಬಿದೆಯೇ? ಲಿವರ್ ಕಾಯಿಲೆಯವರು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸುವ ಬಗೆ

ಕಳೆದ ಮಳೆಗಾಲದಲ್ಲಿ ಆಲ್ದೂರಿನಿಂದ ಚಿಕ್ಕಪ್ಪ ಫೋನ್ ಮಾಡಿದಾಗ ಅವರ ದನಿ ನಡುಗುತ್ತಿತ್ತು. ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆಯಾದ ಸಿರೋಸಿಸ್‌ನಿಂದ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತು. ಅದನ್ನು ತೆಗೆಸುವ ಮೊದಲು ಮಾಡಿಸಿದ ಪರೀಕ್ಷೆಯಲ್ಲಿ, ರಕ್ತ ಹೆಪ್ಪುಗಟ್ಟಲು ಮಾಮೂಲಿಗಿಂತ ಎಷ್ಟು ತಡವಾಗುತ್ತದೆ ಎಂದು ತೋರಿಸುವ ಅಂಕಿಯಾದ ಐಎನ್‌ಆರ್ 3.4 ಬಂದಿತ್ತು. "ಸೂಜಿ ಚುಚ್ಚಿದರೆ ರಕ್ತ ನಿಲ್ಲುವುದೇ ಇಲ್ಲವಂತೆ, ಹೌದೇನಮ್ಮಾ?" ಎಂದು ಕೇಳಿದರು. ಅವರನ್ನು ಚಿಕ್ಕಮಗಳೂರಿಗೆ ಕರೆಸಿಕೊಂಡು, ನಾನೇ ರಕ್ತ ತೆಗೆದು ಪರೀಕ್ಷಿಸಿದೆ. 1.8 ಬಂತು. ಎರಡು ದಿನದಲ್ಲಿ ಲಿವರ್ ಸುಧಾರಿಸಿರಲಿಲ್ಲ. ಮೊದಲ ಸಲ ರಕ್ತ ಸರಿಯಾಗಿ ಬಾರದೆ ಅರ್ಧ ಟ್ಯೂಬಿಗೇ ನಿಲ್ಲಿಸಿದ್ದರು ಎಂದು ಚಿಕ್ಕಮ್ಮ ಆಮೇಲೆ ನೆನಪಿಸಿಕೊಂಡರು.

ಪ್ರಯೋಗಾಲಯದಲ್ಲಿ 22 ವರ್ಷ ಕಳೆದಿದ್ದೇನೆ. ಈ ಪರೀಕ್ಷೆಯಷ್ಟು ಸುಲಭವಾಗಿ ಕೆಡುವುದು, ಕೆಟ್ಟಾಗ ಇಷ್ಟೊಂದು ಹೆದರಿಸುವುದು ಬೇರೊಂದಿಲ್ಲ. ಆದ್ದರಿಂದ ಮನೆಯವರೂ ತಿಳಿದುಕೊಂಡಿರಲಿ ಎಂಬ ಆಸೆ ನನ್ನದು.

ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಬಹುಪಾಲು ತಯಾರಾಗುವುದು ಲಿವರ್‌ನಲ್ಲಿ. ಅವುಗಳಲ್ಲಿ ಏಳನೆಯ ಅಂಶ (ಫ್ಯಾಕ್ಟರ್ 7) ಎಂಬ ಪ್ರೋಟೀನಿಗೆ ಆಯಸ್ಸು ಬಹಳ ಕಡಿಮೆ. ಸುಮಾರು ಆರು ಗಂಟೆಗಳಲ್ಲಿ ಅರ್ಧದಷ್ಟು ಕರಗಿಹೋಗುತ್ತದೆ. ಲಿವರ್ ತಯಾರಿಸುವ ಇನ್ನೊಂದು ಪ್ರೋಟೀನಾದ ಆಲ್ಬುಮಿನ್ ಹಾಗೆ ಅರ್ಧಕ್ಕಿಳಿಯಲು ಸುಮಾರು ಮೂರು ವಾರ ಬೇಕು. ಹೀಗಾಗಿ ಲಿವರ್ ಸೋತರೆ ಮೊದಲು ಸುಳಿವು ಕೊಡುವುದು ಪ್ರೋಥ್ರೋಂಬಿನ್ ಟೈಮ್, ಅಂದರೆ ಚೀಟಿಯಲ್ಲಿ ವೈದ್ಯರು 'ಪಿಟಿ ಐಎನ್‌ಆರ್' ಎಂದು ಬರೆಯುವ ಪರೀಕ್ಷೆ.

ಇದಕ್ಕೆ ಉಪವಾಸ ಬೇಕಿಲ್ಲ. ಬೇಕಾದದ್ದು ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಆಸ್ಪಿರಿನ್, ಇತ್ತೀಚೆಗೆ ನುಂಗಿದ ಆಂಟಿಬಯೋಟಿಕ್, ನೋವಿನ ಮಾತ್ರೆ ಎಲ್ಲವನ್ನೂ ಹೇಳಿ. ಕಾಮಾಲೆಗೆಂದು ನಾಟಿ ಔಷಧಿ ಕುಡಿದಿದ್ದರೆ ಸಂಕೋಚ ಬೇಡ, ಅದನ್ನೂ ಹೇಳಿ. ಮಲೆನಾಡಿನಲ್ಲಿ ಅದು ಯಾರಿಗೂ ಹೊಸದಲ್ಲ. ಯಾವ ಮಾತ್ರೆಯನ್ನೂ ಪರೀಕ್ಷೆಗೆಂದು ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ರಕ್ತ ತೆಗೆಯುವ ಹೊತ್ತು. ತಿಳಿನೀಲಿ ಮುಚ್ಚಳದ ಟ್ಯೂಬಿನ ತಳದಲ್ಲಿ ನೀರಿನಂಥ ದ್ರವ ಕಾಣುತ್ತದೆ. ಅದು 3.2 ಶೇಕಡಾ ಸೋಡಿಯಂ ಸಿಟ್ರೇಟ್. ರಕ್ತದಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು, ಟ್ಯೂಬಿನಲ್ಲೇ ಹೆಪ್ಪುಗಟ್ಟದಂತೆ ತಡೆಯುತ್ತದೆ. ಲೆಕ್ಕ ಒಂಬತ್ತಕ್ಕೆ ಒಂದು: ಟ್ಯೂಬಿನಲ್ಲಿ 0.3 ಮಿಲಿಲೀಟರ್ ಸಿಟ್ರೇಟ್ ಇದ್ದರೆ ರಕ್ತ 2.7 ಮಿಲಿಲೀಟರ್ ಸೇರಬೇಕು. ಟ್ಯೂಬಿನ ಮೇಲಿನ ಗೆರೆ ಇರುವುದು ಅದಕ್ಕಾಗಿಯೇ. ರಕ್ತ ಕಡಿಮೆಯಾದರೆ ಸಿಟ್ರೇಟ್ ಹೆಚ್ಚಾಗಿ ಉಳಿದು, ಹೆಪ್ಪುಗಟ್ಟುವ ಸಮಯ ಸುಳ್ಳಾಗಿ ಉದ್ದವಾಗುತ್ತದೆ. ಚಿಕ್ಕಪ್ಪನ 3.4ರ ಗುಟ್ಟು ಇಷ್ಟೇ. ತುಂಬಿದ ಕೂಡಲೇ ಟ್ಯೂಬನ್ನು ಮೂರು ನಾಲ್ಕು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು. ನರ ಸಿಗದೆ ಸೂಜಿಯಿಂದ ತಡಕಾಡಿ ತೆಗೆದ ರಕ್ತದಲ್ಲಿ ಸಣ್ಣ ಹೆಪ್ಪು ಬಂದಿದ್ದರೆ ಅದನ್ನು ಚೆಲ್ಲಿ ಮತ್ತೆ ತೆಗೆಯುವುದೇ ಸರಿ. ಇನ್ನೊಮ್ಮೆ ಚುಚ್ಚಿಸಿಕೊಳ್ಳುವುದು ನೋವು, ನಿಜ. ಆದರೂ "ಗೆರೆಯವರೆಗೆ ಬಂತೇ?" ಎಂದು ಕೇಳಿ. ಕೇಳಿದ್ದಕ್ಕೆ ಯಾರೂ ಬೇಸರಪಡಬೇಕಿಲ್ಲ.

ಮೂಡಿಗೆರೆ, ಕೊಟ್ಟಿಗೆಹಾರದ ಕಡೆಯಿಂದ ರಕ್ತದ ಮಾದರಿ ಪಟ್ಟಣಕ್ಕೆ ಬರಬೇಕಾದಾಗ ಅದನ್ನು ಐಸ್ ಮೇಲಿಟ್ಟರೆ ಕೆಡುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಪಿಟಿಗೆ ಅದು ತಪ್ಪು. ತಣ್ಣಗಾದಾಗ ಏಳನೆಯ ಅಂಶ ತಾನಾಗಿಯೇ ಚುರುಕಾಗಿ, ಸಮಯ ಕಡಿಮೆ ತೋರಿಸಬಹುದು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡೂ ಬೇಡ. ಮುಚ್ಚಳ ತೆಗೆಯದೆ ಕೋಣೆಯ ತಾಪಮಾನದಲ್ಲಿಟ್ಟರೆ ಪಿಟಿಯನ್ನು 24 ಗಂಟೆಯೊಳಗೆ ಮಾಡಬಹುದು. ಜೊತೆಗೆ ಎಪಿಟಿಟಿ ಎಂಬ ಇನ್ನೊಂದು ಹೆಪ್ಪುಗಟ್ಟುವ ಪರೀಕ್ಷೆಯನ್ನೂ ಬರೆದಿದ್ದರೆ ನಾಲ್ಕೇ ಗಂಟೆ ಅವಕಾಶ; ಅಂಥವರು ಊರಲ್ಲಿ ರಕ್ತ ಕೊಟ್ಟು ಕಳಿಸುವ ಬದಲು ಪಟ್ಟಣಕ್ಕೇ ಬರುವುದು ಒಳ್ಳೆಯದು.

ಒಳಗೆ ನಾವು ಮಾಡುವುದು ಇಷ್ಟು. ಟ್ಯೂಬನ್ನು ಯಂತ್ರದಲ್ಲಿ ಸುಮಾರು ಕಾಲು ಗಂಟೆ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿದು, ಮೇಲೆ ಪ್ಲಾಸ್ಮಾ ನಿಲ್ಲುತ್ತದೆ. ಆರೋಗ್ಯವಂತರ ಪ್ಲಾಸ್ಮಾ ಒಣಹುಲ್ಲಿನ ತೆಳು ಹಳದಿ. ಕಾಮಾಲೆಯವರದು ಅರಿಶಿನ ಕದಡಿದಂತೆ. ಅದನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿ, ಹೆಪ್ಪುಗಟ್ಟುವುದನ್ನು ಶುರುಮಾಡಿಸುವ, ಕ್ಯಾಲ್ಸಿಯಂ ಬೆರೆತ ಥ್ರೋಂಬೋಪ್ಲಾಸ್ಟಿನ್ ಎಂಬ ರಾಸಾಯನಿಕ ಹಾಕಿ, ಆ ಕ್ಷಣದಿಂದ ಸೆಕೆಂಡು ಎಣಿಸುತ್ತೇವೆ. ನಾನು ಕೆಲಸ ಕಲಿತಾಗ ಇದನ್ನು ಕೈಯಲ್ಲೇ ಮಾಡುತ್ತಿದ್ದೆವು: ಬಿಸಿನೀರಿನ ತೊಟ್ಟಿಯಿಂದ ಟ್ಯೂಬನ್ನು ಎತ್ತಿ, ಬೆಳಕಿಗೆ ಹಿಡಿದು ವಾಲಿಸುತ್ತ ಕಾಯುವುದು. ತಿಳಿಯಾಗಿ ಹರಿದಾಡುತ್ತಿದ್ದ ದ್ರವದಲ್ಲಿ ಜೇಡನ ನೂಲಿನಂಥ ಎಳೆ ಮೂಡಿದೊಡನೆ ಗಡಿಯಾರ ನಿಲ್ಲಿಸುವುದು. ಈಗ ಯಂತ್ರಗಳಿವೆ. ಪ್ಲಾಸ್ಮಾ ತೀರ ಹಳದಿಯಾಗಿದ್ದರೆ ಬೆಳಕಿನಿಂದ ಓದುವ ಕೆಲವು ಯಂತ್ರಗಳು ತಡವರಿಸುತ್ತವೆ ಎಂಬುದನ್ನು ನಾವು ಮರೆಯಬಾರದು.

ಸಾಮಾನ್ಯವಾಗಿ ಪಿಟಿ 11ರಿಂದ 13.5 ಸೆಕೆಂಡು, ಐಎನ್‌ಆರ್ 1ರ ಆಸುಪಾಸು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐಎನ್‌ಆರ್ ಲೆಕ್ಕವನ್ನು ಒಪ್ಪಿದ್ದು ವಾರ್ಫರಿನ್ ತೆಗೆದುಕೊಳ್ಳುವವರಿಗಾಗಿ. ಹೃದಯದ ಕವಾಟ ಬದಲಿಸಿಕೊಂಡ ಪಕ್ಕದ ಮನೆಯವರ 2.5ಕ್ಕೂ ಸಿರೋಸಿಸ್ ಇರುವವರ 2.5ಕ್ಕೂ ಅರ್ಥ ಒಂದೇ ಅಲ್ಲ.

ಏಕೆಂದರೆ ಲಿವರ್ ತಯಾರಿಸುವುದು ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನಷ್ಟೇ ಅಲ್ಲ. ಹೆಪ್ಪು ಅತಿಯಾಗದಂತೆ ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರೋಂಬಿನ್ ಕೂಡ ಅಲ್ಲೇ ಹುಟ್ಟುತ್ತವೆ. ಸಿರೋಸಿಸ್‌ನಲ್ಲಿ ಎರಡೂ ಕಡಿಮೆಯಾಗುತ್ತವೆ. ತಕ್ಕಡಿಯ ಎರಡು ತಟ್ಟೆಗಳಿಂದಲೂ ತೂಕ ತೆಗೆದ ಹಾಗೆ. ಮುಳ್ಳು ಮಧ್ಯದಲ್ಲೇ ನಿಲ್ಲಬಹುದು, ಆದರೆ ಸಣ್ಣ ತಳ್ಳಾಟಕ್ಕೂ ಅತ್ತಿತ್ತ ವಾಲುತ್ತದೆ. ಪಿಟಿ ನೋಡುವುದು ಒಂದು ತಟ್ಟೆಯನ್ನು ಮಾತ್ರ. ಹಾಗಾಗಿ ಐಎನ್‌ಆರ್ ಹೆಚ್ಚಿದ್ದ ಮಾತ್ರಕ್ಕೆ ರಕ್ತ ಸುರಿಯುತ್ತದೆ ಎಂದಲ್ಲ. ರಕ್ತ ತೆಳುವಾಗಿದೆ, ಹೆಪ್ಪಿನ ಭಯವಿಲ್ಲ ಎಂದೂ ಅಲ್ಲ: ಇದೇ ರೋಗಿಗಳಲ್ಲಿ ಲಿವರ್‌ಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳ ಹೆಪ್ಪಿನಿಂದ ಕಟ್ಟಿಕೊಳ್ಳುವುದುಂಟು. ಅನ್ನನಾಳದ ಉಬ್ಬಿದ ನರ ಒಡೆದು ರಕ್ತವಾಂತಿಯಾಗುವುದಕ್ಕೂ ಮುಖ್ಯ ಕಾರಣ ಆ ಪೋರ್ಟಲ್ ರಕ್ತನಾಳದೊಳಗಿನ ಒತ್ತಡ.

ಅಂಕಿ ಕಂಡು ಕಂಗಾಲಾದ ಮನೆಯವರು "ಪ್ಲಾಸ್ಮಾ ಹಾಕಿಸಿ ಡಾಕ್ಟ್ರೇ" ಎಂದು ಒತ್ತಾಯಿಸುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಹೊಟ್ಟೆಯ ನೀರು ತೆಗೆಯುವಂಥ ಸಣ್ಣ ಚಿಕಿತ್ಸೆಗೆ ಐಎನ್‌ಆರ್ ಇಳಿಸಲೆಂದೇ ಪ್ಲಾಸ್ಮಾ ಕೊಡುವುದನ್ನು ಇಂದಿನ ಮಾರ್ಗಸೂಚಿಗಳು ಒಪ್ಪುವುದಿಲ್ಲ. ಹೆಚ್ಚಿನ ದ್ರವ ಸೇರಿ ಪೋರ್ಟಲ್ ಒತ್ತಡವೇ ಏರಬಹುದು. ಚಿಕ್ಕಪ್ಪನಿಗೂ ಕೊಡಲಿಲ್ಲ. ನಾಲ್ಕು ಲೀಟರ್ ನೀರು ತೆಗೆದ ಮೇಲೆ ಆ ಜಾಗದಲ್ಲಿ ಉಳಿದದ್ದು ರೂಪಾಯಿ ಅಗಲದ ಹತ್ತಿ, ಅದರ ನಡುವೆ ಒಂದೇ ಕೆಂಪು ಚುಕ್ಕೆ.

ಐಎನ್‌ಆರ್ ಜೊತೆಗೆ ಪ್ಲೇಟ್‌ಲೆಟ್ ಕಣಗಳು ಮತ್ತು ಹೆಪ್ಪಿನ ಎಳೆಯಾಗುವ ಪ್ರೋಟೀನಾದ ಫೈಬ್ರಿನೋಜನ್ ಎಷ್ಟಿವೆ ಎಂದು ವೈದ್ಯರನ್ನು ಕೇಳಿ. ಇಡೀ ರಕ್ತ ಹೇಗೆ ಗಟ್ಟಿಯಾಗುತ್ತದೆ ಎಂದು ಗೆರೆ ಎಳೆದು ತೋರಿಸುವ ಟಿಇಜಿ ಯಂತ್ರ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿದೆ. ಪಿತ್ತನಾಳ ಕಟ್ಟಿ ಕಾಮಾಲೆಯಾದವರಲ್ಲಿ ವಿಟಮಿನ್ ಕೆ ಹೀರಿಕೆ ತಗ್ಗಿರುತ್ತದೆ; ಅಂಥವರಿಗೆ ಅದರ ಚುಚ್ಚುಮದ್ದು ಕೊಟ್ಟು ಮರುದಿನ ಮತ್ತೆ ನೋಡಿದರೆ ಐಎನ್‌ಆರ್ ಚೆನ್ನಾಗಿ ಇಳಿದಿರುತ್ತದೆ. ಇಳಿಯದಿದ್ದರೆ ತೊಂದರೆ ಲಿವರ್‌ನಲ್ಲೇ ಇರಬಹುದು. ಮರುಪರೀಕ್ಷೆ ಆದಷ್ಟೂ ಒಂದೇ ಪ್ರಯೋಗಾಲಯದಲ್ಲಿ ಆಗಲಿ. ಲಿವರ್ ರೋಗಿಗಳ ಐಎನ್‌ಆರ್ ಬಳಸಿದ ರಾಸಾಯನಿಕಕ್ಕೆ ತಕ್ಕಂತೆ ಬದಲಾಗುತ್ತದೆ.

ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ರಕ್ತವಾಂತಿಯಾದರೆ, ಕಾಮಾಲೆಯವರು ತೊದಲುತ್ತ ಹಗಲು ರಾತ್ರಿಯ ವ್ಯತ್ಯಾಸ ಮರೆತರೆ ವರದಿಗೆ ಕಾಯಬೇಡಿ. ಸಕಲೇಶಪುರದಲ್ಲಿರಲಿ ಮೂಡಿಗೆರೆಯಲ್ಲಿರಲಿ, 108ಕ್ಕೆ ಕರೆಮಾಡಿ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ನೀಲಿ ಟ್ಯೂಬಿಗೆ ರಕ್ತವನ್ನು ಅಲ್ಲಿಯೇ ತೆಗೆಯುತ್ತಾರೆ.