ಎರಡು ಡಿಸ್ಕಿನ ಮೇಲೆ ಡೆಬಿಯನ್: ಒಂದು ಕೆಟ್ಟರೂ ಕಂಪ್ಯೂಟರ್ ಏಳುವಂತೆ ರೇಡ್ 1 ಕಟ್ಟುವುದು

ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಯಾಗಲಿ, ರಾಯಚೂರಿನ ಹತ್ತಿ ಜಿನ್ನಿಂಗ್ ಆಗಲಿ, ಬಳ್ಳಾರಿಯ ಜೀನ್ಸ್ ಘಟಕವಾಗಲಿ, ಲೆಕ್ಕಪತ್ರದ ಕಡತಗಳನ್ನು ಇಡುವ ಕಂಪ್ಯೂಟರಿಗೆ ನಮ್ಮ ಸೀಮೆಯಲ್ಲಿ ಮೂರು ಶತ್ರುಗಳು: 40 ಡಿಗ್ರಿ ದಾಟುವ ಬೇಸಿಗೆ, ಎಲ್ಲೆಡೆ ನುಗ್ಗುವ ದೂಳು, ಹೇಳದೆ ಕೇಳದೆ ಹೋಗುವ ಕರೆಂಟು. ಡಿಸ್ಕ್ ಒಂದಲ್ಲ ಒಂದು ದಿನ ಕೆಡುತ್ತದೆ. ಅದು ಕೆಟ್ಟ ದಿನವೂ ಬಿಲ್ ಹಾಕುವ ಕೆಲಸ ನಿಲ್ಲಬಾರದು ಎಂದರೆ ಲಿನಕ್ಸನ್ನು ಎರಡು ಡಿಸ್ಕಿನ ಮೇಲೆ ಒಟ್ಟಿಗೇ ಹಾಕಬೇಕು. ಇಲ್ಲಿ ಡೆಬಿಯನ್ ಎಂಬ ಲಿನಕ್ಸ್ ಹಾಕುವ ಕ್ರಮವಿದೆ. ಅದರ ಇನ್‌ಸ್ಟಾಲರ್‌ನಲ್ಲೇ ರೇಡ್, ಅಂದರೆ ಹಲವು ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ಜೋಡಿಸುವ ವ್ಯವಸ್ಥೆ, ಕಟ್ಟುವ ಸೌಕರ್ಯ ಇದೆ. ಆದೇಶಗಳನ್ನು ಉಚ್ಚಾರದಂತೆ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ; ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದ್ದೇವೆ.

ಯಾವ ರೇಡ್, ಯಾವ ಡಿಸ್ಕ್

ರೇಡ್ 0 ಬೇಡವೇ ಬೇಡ, ಒಂದು ಡಿಸ್ಕ್ ಹೋದರೆ ಎಲ್ಲ ಹೋಯಿತು. ರೇಡ್ 5 ಮೂರು ಡಿಸ್ಕಿನಲ್ಲಿ ಎರಡರಷ್ಟು ಜಾಗ ಕೊಡುತ್ತದೆ ನಿಜ. ಆದರೆ ಬರೆಯುತ್ತಿರುವಾಗ ಕರೆಂಟ್ ಹೋದರೆ ದತ್ತಾಂಶ ಮತ್ತು ಅದರ ಪ್ಯಾರಿಟಿ (ಕಳೆದ ಭಾಗವನ್ನು ಲೆಕ್ಕ ಹಾಕಿ ಮರಳಿ ಪಡೆಯಲು ಇಡುವ ಹೆಚ್ಚುವರಿ ಮಾಹಿತಿ) ಒಂದಕ್ಕೊಂದು ಹೊಂದದೆ ಉಳಿಯಬಹುದು. ಅದೇ ಸಮಯಕ್ಕೆ ಒಂದು ಡಿಸ್ಕೂ ಕೈಕೊಟ್ಟರೆ ತಪ್ಪು ದತ್ತಾಂಶ ಸರಿಯೆಂಬಂತೆ ಎದ್ದು ಬರುತ್ತದೆ. ಕರೆಂಟ್ ಪದೇಪದೇ ಹೋಗುವ ಊರಿನ ಸಣ್ಣ ಕಚೇರಿಗೆ ರೇಡ್ 1 ಸರಿ: ಎರಡು ಡಿಸ್ಕ್, ಎರಡರಲ್ಲೂ ಅದೇ ಪ್ರತಿ, ಜಾಗ ಒಂದರಷ್ಟು.

ಎರಡು ಡಿಸ್ಕೂ ಒಂದೇ ಅಳತೆಯವಾಗಿರಲಿ, ಆದರೆ ಒಂದೇ ಕಂಪನಿಯ ಒಂದೇ ಬ್ಯಾಚಿನವು ಬೇಡ. ಒಂದೇ ದಿನ ತಯಾರಾಗಿ ಒಂದೇ ಬಿಸಿಯಲ್ಲಿ ಒಂದೇ ಕೆಲಸ ಮಾಡಿದವು ಹೆಚ್ಚುಕಡಿಮೆ ಒಟ್ಟಿಗೇ ಸೋಲಬಹುದು. ಎಸ್‌ಎಸ್‌ಡಿ ಕೊಳ್ಳುವಾಗ 960 ಜಿಬಿ ಮತ್ತು 1000 ಜಿಬಿಯ ವ್ಯತ್ಯಾಸ ನೋಡಿ. 1000ದ ಪೂರ್ತಿ ಜಾಗಕ್ಕೆ ರೇಡ್ ಕಟ್ಟಿದರೆ ಮುಂದೆ 960ರದ್ದು ಸೇರುವುದಿಲ್ಲ. ತಿರುಗುವ ಡಿಸ್ಕಾದರೆ ಸಿಎಂಆರ್ (ಬರೆಯುವ ಗೆರೆಗಳು ಪಕ್ಕಪಕ್ಕ ಇರುವ) ಬಗೆಯದನ್ನೇ ಕೇಳಿ. ಎಸ್‌ಎಂಆರ್ (ಗೆರೆಗಳು ಒಂದರ ಮೇಲೊಂದು ತುಸು ಹೊದ್ದಿರುವ) ಡಿಸ್ಕು ಸತತವಾಗಿ ಬರೆಯುವಾಗ ಏದುಸಿರು ಬಿಡುತ್ತದೆ, ಮರುಜೋಡಣೆ (ಹೊಸ ಡಿಸ್ಕಿಗೆ ಎಲ್ಲವನ್ನೂ ಮತ್ತೆ ನಕಲಿಸುವುದು) ವಿಪರೀತ ನಿಧಾನವಾಗುತ್ತದೆ.

ಸಾಟಾ ಕೇಬಲ್ ಎರಡೂ ಹೊಸದಿರಲಿ. ಡಿಸ್ಕುಗಳನ್ನು ಒಂದರ ಮೇಲೊಂದು ಅಂಟಿಸದೆ ನಡುವೆ ಒಂದು ಖಾನೆ ಖಾಲಿ ಬಿಡಿ, ಎದುರಿಗೊಂದು ಫ್ಯಾನ್ ಕೂರಿಸಿ. ಕೂರಿಸುವ ಮುಂಚೆಯೇ ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಹೊರಗೆ ಕಾಣುವ ಬದಿಗೆ ಅಂಟಿಸಿ. ಎಸ್‌ಡಿಎ, ಎಸ್‌ಡಿಬಿ ಎಂದು ಡಿಸ್ಕುಗಳಿಗೆ ಲಿನಕ್ಸ್ ಕೊಡುವ ಹೆಸರುಗಳು ಒಂದೊಂದು ಸಲ ಆನ್ ಮಾಡಿದಾಗ ಅದಲುಬದಲಾಗುತ್ತವೆ, ಸೀರಿಯಲ್ ಸಂಖ್ಯೆ ಆಗುವುದಿಲ್ಲ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಇನ್ನೊಂದು ಮಾತು ಈಗಲೇ ಸ್ಪಷ್ಟವಾಗಲಿ: ರೇಡ್ ಬ್ಯಾಕಪ್ ಅಲ್ಲ. ಗುಮಾಸ್ತರು ಕೈತಪ್ಪಿ ಕಡತ ಅಳಿಸಿದರೆ ಅದು ಎರಡೂ ಡಿಸ್ಕಿನಿಂದ ಅದೇ ಕ್ಷಣ ಹೋಗುತ್ತದೆ. ಬೇರೆ ಯುಎಸ್‌ಬಿ ಡಿಸ್ಕಿಗೆ ಪ್ರತಿ ತೆಗೆದು ಬೇರೆ ಕಡೆ ಇಡುವುದು ಇದ್ದೇ ಇದೆ.

ಬಯಾಸ್ ಮತ್ತು ಇನ್‌ಸ್ಟಾಲರ್

ಬಯಾಸ್‌ನಲ್ಲಿ (ಆನ್ ಮಾಡಿದೊಡನೆ ತೆರೆಯಬಹುದಾದ ಮದರ್‌ಬೋರ್ಡಿನ ಹೊಂದಿಕೆ ಪರದೆ) ಸಾಟಾ ಮೋಡ್ ಎಎಚ್‌ಸಿಐ ಇರಬೇಕು. ಅಲ್ಲಿ ‘ರೇಡ್’ ಎಂಬ ಆಯ್ಕೆ ಕಾಣುತ್ತದೆ, ಅದನ್ನು ಒತ್ತಬೇಡಿ. ಅದು ಮದರ್‌ಬೋರ್ಡಿನ ಕಂಪನಿಗೆ ಕಟ್ಟಿಹಾಕುವ ವ್ಯವಸ್ಥೆ. ಬೋರ್ಡ್ ಸುಟ್ಟರೆ ಅಂಥದ್ದೇ ಇನ್ನೊಂದನ್ನು ಹುಡುಕಬೇಕಾದೀತು. ಇಂಟೆಲ್ ಬೋರ್ಡಿನಲ್ಲಿ ಆ ಮೋಡ್ ಇದ್ದರೆ ಎನ್‌ವಿಎಂಇ ಡಿಸ್ಕುಗಳು ಇನ್‌ಸ್ಟಾಲರ್‌ಗೆ ಕಾಣದೆಯೂ ಹೋಗಬಹುದು. ಲಿನಕ್ಸಿನ ಸಾಫ್ಟ್‌ವೇರ್ ರೇಡನ್ನಾದರೆ ಯಾವ ಬೋರ್ಡಿಗೆ ಜೋಡಿಸಿದರೂ ಓದಬಹುದು.

ಪೆನ್ ಡ್ರೈವಿನಿಂದ ಬೂಟ್ ಮಾಡಿದಾಗ ಮೊದಲ ಪರದೆಯ ತಲೆಬರಹದಲ್ಲಿ ಯುಇಎಫ್‌ಐ (ಹಳೆಯ ಬಯಾಸ್‌ನ ಜಾಗಕ್ಕೆ ಬಂದ ಹೊಸ ಕ್ರಮ) ಎಂದಿದೆಯೇ ನೋಡಿ. ಇಲ್ಲದಿದ್ದರೆ ಹಳೆಯ ಬಯಾಸ್ ಕ್ರಮದಲ್ಲಿ ಬೂಟ್ ಆಗಿದೆ ಎಂದರ್ಥ. ತಿರುಗಿ ಹೋಗಿ ಬೂಟ್ ಪಟ್ಟಿಯಲ್ಲಿ ಪೆನ್ ಡ್ರೈವಿನ ಯುಇಎಫ್‌ಐ ಸಾಲನ್ನೇ ಆರಿಸಿ.

ಭಾಷೆ, ಗುಪ್ತಪದಗಳೆಲ್ಲ ಎಂದಿನಂತೆ. ಡಿಸ್ಕ್ ಹಂಚಿಕೆಗೆ ಬಂದಾಗ ‘ಮ್ಯಾನ್ಯುಯಲ್’ ಆರಿಸಿ. ಎರಡೂ ಡಿಸ್ಕಿನ ಮೇಲೆ ಖಾಲಿ ಪಾರ್ಟಿಷನ್ (ಡಿಸ್ಕಿನ ಭಾಗಗಳ) ಪಟ್ಟಿ ಮಾಡಿಕೊಂಡು, 1 ಟಿಬಿ ಡಿಸ್ಕಾದರೆ ಹೀಗೆ ಹಂಚಿ: ಮೊದಲನೆಯದು 512 ಎಂಬಿ, ಬಳಕೆ ‘ಇಎಫ್‌ಐ ಸಿಸ್ಟಮ್ ಪಾರ್ಟಿಷನ್’. ಎರಡನೆಯದು 4 ಜಿಬಿ, ಬಳಕೆ ‘ಫಿಸಿಕಲ್ ವಾಲ್ಯೂಮ್ ಫಾರ್ ರೇಡ್’. ಮೂರನೆಯದು 994 ಜಿಬಿ, ಅದೂ ರೇಡಿಗೇ. ಕೊನೆಗೆ ಒಂದು ಜಿಬಿಗಿಂತ ತುಸು ಹೆಚ್ಚು ಖಾಲಿ ಉಳಿಯುತ್ತದೆ, ಉಳಿಯಲಿ. ಪೂರ್ತಿ ಜಾಗ ಬಳಸಿಬಿಟ್ಟರೆ, ನಾಳೆ ತರುವ ಬೇರೆ ಕಂಪನಿಯ ಡಿಸ್ಕ್ ಕೂದಲೆಳೆಯಷ್ಟು ಚಿಕ್ಕದಿದ್ದರೂ ರೇಡ್ ಅದನ್ನು ಸೇರಿಸಿಕೊಳ್ಳುವುದಿಲ್ಲ. ಎರಡನೇ ಡಿಸ್ಕಿಗೂ ಇದೇ ಅಳತೆ, ಇದೇ ಕ್ರಮ.

ನಂತರ ಮೇಲಿನ ‘ಕಾನ್ಫಿಗರ್ ಸಾಫ್ಟ್‌ವೇರ್ ರೇಡ್’ ಒಳಗೆ ಹೋಗಿ, ಬದಲಾವಣೆ ಬರೆಯಲು ಒಪ್ಪಿ, ‘ಕ್ರಿಯೇಟ್ ಎಂಡಿ ಡಿವೈಸ್’ ಆರಿಸಿ: ರೇಡ್ 1, ಸಕ್ರಿಯ ಡಿಸ್ಕ್ 2, ಸ್ಪೇರ್ 0, ಎರಡೂ ಡಿಸ್ಕಿನ ಎರಡನೇ ಪಾರ್ಟಿಷನ್‌ಗೆ ಗುರುತು. ಇದು ಎಂಡಿ0. ಅದೇ ರೀತಿ ಮೂರನೇ ಪಾರ್ಟಿಷನ್‌ಗಳಿಂದ ಎಂಡಿ1. ಹಿಂದೆ ಬೇರೆ ಕಡೆ ದುಡಿದ ಡಿಸ್ಕಾಗಿದ್ದರೆ ಹಳೆಯ ರೇಡಿನ ಗುರುತು ಇಲ್ಲಿ ಎದ್ದು ಬಂದು ಅಡ್ಡಗಾಲು ಹಾಕುತ್ತದೆ. ಮೊದಲು ‘ಡಿಲೀಟ್ ಎಂಡಿ ಡಿವೈಸ್’ ಮಾಡಿ. ಹಿಂದಿರುಗಿದ ಮೇಲೆ ಎಂಡಿ0 ಅನ್ನು ಸ್ವಾಪ್ (ರ‍್ಯಾಮ್ ತುಂಬಿದಾಗ ಬಳಸುವ ಜಾಗ) ಎಂದೂ, ಎಂಡಿ1 ಅನ್ನು ಎಕ್ಸ್‌ಟಿ4 ಎಂದು ಆರಿಸಿ ರೂಟಿಗೂ (‘/’, ಎಲ್ಲ ಕಡತಗಳ ಬುಡ) ಕೊಡಿ.

ಸ್ವಾಪಿಗೇಕೆ ರೇಡ್ ಎಂದು ಕೇಳುವವರಿದ್ದಾರೆ. ಸ್ವಾಪ್ ಬರೀ ಒಂದು ಡಿಸ್ಕಿನಲ್ಲಿದ್ದು ಅದು ಸತ್ತರೆ, ಅಲ್ಲಿ ನೆನಪಿನ ಭಾಗ ಇಟ್ಟಿದ್ದ ಪ್ರೋಗ್ರಾಮುಗಳೆಲ್ಲ ಆಗಲೇ ಬಿದ್ದುಹೋಗುತ್ತವೆ. ಆಮೇಲೆ ರೇಡ್ ಇದ್ದೂ ಪ್ರಯೋಜನವಿಲ್ಲ.

ಮೊದಲ ಬೂಟ್ ಆದ ಮೇಲೆ

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಿಜವಾದ ಕೆಲಸ ಇಲ್ಲಿಂದ ಶುರು. ಕ್ಯಾಟ್ /ಪ್ರಾಕ್/ಎಂಡಿಸ್ಟ್ಯಾಟ್ ಕೊಟ್ಟರೆ ಎರಡೂ ರೇಡ್ ಕಾಣುತ್ತವೆ. ಚೌಕ ಆವರಣದಲ್ಲಿ ಎರಡು ‘ಯು’ ಇದ್ದರೆ ಎರಡೂ ಡಿಸ್ಕ್ ಕೆಲಸದಲ್ಲಿವೆ. ಒಂದರ ಜಾಗದಲ್ಲಿ ಅಡಿಗೆರೆ ಇದ್ದರೆ ಒಂದು ಹೊರಬಿದ್ದಿದೆ. ಮೊದಲ ಸಲದ ಹೊಂದಾಣಿಕೆ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. ತಿರುಗುವ 1 ಟಿಬಿ ಡಿಸ್ಕಿಗೆ ಎರಡು ಮೂರು ತಾಸು ಹಿಡಿದೀತು.

ಲಿನಕ್ಸನ್ನು ಎಬ್ಬಿಸುವ ಬೂಟ್ ಲೋಡರ್ (ಗ್ರಬ್) ಕೂತಿರುವ ಇಎಫ್‌ಐ ಪಾರ್ಟಿಷನ್ ರೇಡಿನೊಳಗಿಲ್ಲ, ಇನ್‌ಸ್ಟಾಲರ್ ಅದನ್ನು ಒಂದೇ ಡಿಸ್ಕಿಗೆ ಬರೆದಿದೆ. ಆ ಡಿಸ್ಕ್ ಸತ್ತರೆ ಇನ್ನೊಂದರಲ್ಲಿ ದತ್ತಾಂಶವೆಲ್ಲ ಕ್ಷೇಮವಾಗಿದ್ದೂ ಕಂಪ್ಯೂಟರ್ ಏಳುವುದಿಲ್ಲ. ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಇಎಫ್‌ಐ-ಎಎಂಡಿ64 ಓಡಿಸಿ. ರಿಮೂವಬಲ್ ಮೀಡಿಯಾ ಪಾತ್‌ಗೂ ಹೆಚ್ಚುವರಿಯಾಗಿ ಹಾಕಲೇ ಎಂಬ ಪ್ರಶ್ನೆಗೆ ಹೌದು ಎನ್ನಿ. ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಹೆಸರಿಲ್ಲದ ಡಿಸ್ಕಿನಿಂದಲೂ ಬೂಟ್ ಆಗಲು ಇದೇ ಆಧಾರ. ಬಳಿಕ ಎರಡನೇ ಡಿಸ್ಕಿನ ಮೊದಲ ಪಾರ್ಟಿಷನ್ನನ್ನು /ಎಂಎನ್‌ಟಿ ಮೇಲೆ ಮೌಂಟ್ ಮಾಡಿ, /ಬೂಟ್/ಇಎಫ್‌ಐ ಒಳಗಿರುವ ಇಎಫ್‌ಐ ಫೋಲ್ಡರನ್ನು ಸಿಪಿ -ಆರ್ ಮೂಲಕ ಪೂರ್ತಿ ಅಲ್ಲಿಗೆ ನಕಲು ಮಾಡಿ. ಎಫ್‌ಎಟಿ ಆಗಿಲ್ಲವೆಂದು ಮೌಂಟ್ ತಕರಾರು ಮಾಡಿದರೆ ಎಂಕೆಎಫ್‌ಎಸ್.ವಿಫ್ಯಾಟ್ -ಎಫ್ 32 ಕೊಟ್ಟು ಫಾರ್ಮ್ಯಾಟ್ ಮಾಡಿ. ಇಲ್ಲಿ ‘-ಎಫ್’ ಮಾತ್ರ ದೊಡ್ಡಕ್ಷರ. ಮುಂದೆ ಗ್ರಬ್ ಅಪ್‌ಡೇಟ್ ಆದಾಗಲೆಲ್ಲ ಈ ನಕಲನ್ನು ಮತ್ತೆ ಮಾಡಬೇಕು, ತಾನಾಗಿ ಆಗುವುದಿಲ್ಲ.

ಇನ್ನೊಂದು ಬಲೆ, ಯಾವ ಪಾರ್ಟಿಷನ್ನನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಹೇಳುವ /ಇಟಿಸಿ/ಎಫ್‌ಎಸ್‌ಟ್ಯಾಬ್ ಕಡತದಲ್ಲಿದೆ. /ಬೂಟ್/ಇಎಫ್‌ಐ ಸಾಲು ಮೊದಲ ಡಿಸ್ಕಿನ ಯುಯುಐಡಿಯನ್ನು (ಆ ಪಾರ್ಟಿಷನ್ನಿಗಷ್ಟೇ ಇರುವ ಗುರುತು) ಹಿಡಿದಿರುತ್ತದೆ. ಆ ಡಿಸ್ಕ್ ಇಲ್ಲದಾಗ, ಬೂಟ್ ನಡೆಸುವ ಸಿಸ್ಟಮ್‌ಡಿ 90 ಸೆಕೆಂಡ್ ಕಾದು, ಸಿಗದೆ, ಎಮರ್ಜೆನ್ಸಿ ಮೋಡಿಗೆ ಬಿದ್ದು ರೂಟ್ ಗುಪ್ತಪದ ಕೇಳುತ್ತ ನಿಲ್ಲುತ್ತದೆ. ಆ ಸಾಲಿನ ಯುಮಾಸ್ಕ್=0077 ಎಂಬುದರ ಪಕ್ಕ ಅಲ್ಪವಿರಾಮ ಹಾಕಿ, ಜಾಗ ಬಿಡದೆ ನೋಫೇಲ್ (ಸಿಗದಿದ್ದರೂ ಬೂಟ್ ಮುಂದುವರಿಸು) ಎಂದು ಸೇರಿಸಿ. ಈ ಒಂದು ಪದಕ್ಕೆ ಬಹಳ ಬೆಲೆಯಿದೆ.

ಪರೀಕ್ಷೆ ಮಾಡದೆ ಬಿಡಬೇಡಿ

ಹೊಂದಾಣಿಕೆ ಮುಗಿದ ಮೇಲೆ ಯಂತ್ರ ಆಫ್ ಮಾಡಿ, ಮೊದಲ ಡಿಸ್ಕಿನ ಕೇಬಲ್ ಕಿತ್ತು ಆನ್ ಮಾಡಿ. ಅರ್ಧ ನಿಮಿಷದಷ್ಟು ಹೆಚ್ಚು ಕಾದರೂ ಲಾಗಿನ್ ಪರದೆ ಬರಬೇಕು. ಬಂದರೆ ಯಂತ್ರ ಆಫ್ ಮಾಡಿ ಕೇಬಲ್ ಮತ್ತೆ ಹಾಕಿ, ಆನ್ ಮಾಡಿ, ಎಂಡಿಎಡಿಎಂ /ಡೆವ್/ಎಂಡಿ1 --ಆಡ್ /ಡೆವ್/ಎಸ್‌ಡಿಎ3 ಎಂದು ಸೇರಿಸಿ, ಎಂಡಿ0 ಗೂ ಎಸ್‌ಡಿಎ2 ಹಾಗೆಯೇ. ಹೊರಬಿದ್ದಿದ್ದು ಎಸ್‌ಡಿಎ ಹೌದೋ ಎಂದು ಎಂಡಿಸ್ಟ್ಯಾಟ್‌ನಲ್ಲಿ ಮೊದಲು ನೋಡಿಕೊಳ್ಳಿ. ಎರಡು ‘ಯು’ ಬಂದ ಮೇಲಷ್ಟೇ ಎರಡನೇ ಡಿಸ್ಕನ್ನು ಕಿತ್ತು ನೋಡಿ. ನಡುವೆ ಸೇರಿಸದೆ ಒಂದೊಂದನ್ನೇ ಬೇರೆಬೇರೆಯಾಗಿ ಬೂಟ್ ಮಾಡಿದರೆ ಎರಡೂ ಬೇರೆಬೇರೆ ದಾರಿ ಹಿಡಿಯುತ್ತವೆ, ಆಮೇಲೆ ಯಾವುದು ಸರಿ ಎಂದು ಹೇಳಲು ರೇಡಿಗೂ ಆಗುವುದಿಲ್ಲ.

ಕಾವಲು

ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿಕೊಂಡು ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ ಕೊಟ್ಟರೆ ಬರುವ ಪಟ್ಟಿಯಲ್ಲಿ, ತಿರುಗುವ ಡಿಸ್ಕಾದರೆ, ಮೂರು ಸಾಲು ಮುಖ್ಯ. 5 ಮತ್ತು 197 ಏರುತ್ತಿದ್ದರೆ ಡಿಸ್ಕಿನ ಮೇಲ್ಮೈ ಸವೆಯುತ್ತಿದೆ. 199 ಮಾತ್ರ ಏರುತ್ತಿದ್ದರೆ ಡಿಸ್ಕನ್ನು ಬೈಯಬೇಡಿ, ಕೇಬಲ್ ಬದಲಿಸಿ; ದೂಳು ತುಂಬಿದ ಕನೆಕ್ಟರ್ ಇದಕ್ಕೆ ಕಾರಣವಾಗಬಲ್ಲದು. ತಾಪಮಾನ 50 ಮುಟ್ಟುತ್ತಿದ್ದರೆ ಫ್ಯಾನ್, ಫಿಲ್ಟರ್ ನೋಡಿ.

ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕುಗಳಲ್ಲಿ ಇನ್ನೊಂದು ತೊಡಕಿದೆ. ಓದಲಾಗದ ಸೆಕ್ಟರ್ ಸಿಕ್ಕರೆ ಅವು ಒಂದು ನಿಮಿಷಕ್ಕೂ ಹೆಚ್ಚು ಹೆಣಗುತ್ತ ಕೂರಬಹುದು, ಕರ್ನಲ್ (ಲಿನಕ್ಸಿನ ತಿರುಳು) ಕಾಯುವುದು 30 ಸೆಕೆಂಡ್. ಉತ್ತರ ಬರದಿದ್ದಾಗ ಒಂದು ಸೆಕ್ಟರಿಗಾಗಿ ಇಡೀ ಡಿಸ್ಕೇ ರೇಡಿನಿಂದ ಹೊರಬೀಳಬಹುದು. ಸ್ಮಾರ್ಟ್‌ಸಿಟಿಎಲ್ -ಎಲ್ ಎಸ್‌ಸಿಟಿಇಆರ್‌ಸಿ,70,70 /ಡೆವ್/ಎಸ್‌ಡಿಎ ಎಂದರೆ ಏಳು ಸೆಕೆಂಡಿಗೆ ಕೈಬಿಡು ಎಂದು ಹೇಳಿದಂತೆ. ಕರೆಂಟ್ ಹೋದರೆ ಈ ಹೊಂದಿಕೆ ಅಳಿಯುವುದರಿಂದ ರೂಟಿನ ಕ್ರಾಂಟ್ಯಾಬ್‌ನಲ್ಲಿ (ತಾನಾಗಿ ಓಡಬೇಕಾದ ಆದೇಶಗಳ ಪಟ್ಟಿ) @ರೀಬೂಟ್ ಸಾಲಾಗಿ ಹಾಕಿ. ಡಿಸ್ಕ್ ಒಪ್ಪದಿದ್ದರೆ /ಸಿಸ್/ಬ್ಲಾಕ್/ಎಸ್‌ಡಿಎ/ಡಿವೈಸ್/ಟೈಮ್‌ಔಟ್ ಕಡತಕ್ಕೆ 180 ಬರೆಯಿಸಿ.

ಡೆಬಿಯನ್ ತಿಂಗಳ ಮೊದಲ ಭಾನುವಾರ ರಾತ್ರಿ ಒಂದು ಗಂಟೆಯ ಹೊತ್ತಿಗೆ ಎರಡೂ ಪ್ರತಿಗಳನ್ನು ತಾಳೆ ನೋಡುತ್ತದೆ. ಸಂಜೆ ಬಾಗಿಲು ಹಾಕುವಾಗ ಯಂತ್ರ ಆಫ್ ಮಾಡುವ ಅಂಗಡಿಗಳಲ್ಲಿ ಇದು ನಡೆಯುವುದೇ ಇಲ್ಲ ಎಂದಿಟ್ಟುಕೊಳ್ಳಿ. /ಸಿಸ್/ಬ್ಲಾಕ್/ಎಂಡಿ1/ಎಂಡಿ/ಸಿಂಕ್_ಆಕ್ಷನ್ ಕಡತಕ್ಕೆ ಚೆಕ್ ಎಂದು ಬರೆದು ಹಗಲಲ್ಲೇ ಶುರು ಮಾಡಬಹುದು.

ಡಿಸ್ಕ್ ಕೆಟ್ಟಾಗ

ಮೊದಲು ಬ್ಯಾಕಪ್, ಆಮೇಲೆ ರಿಪೇರಿ. ಮರುಜೋಡಣೆಯಲ್ಲಿ ಉಳಿದ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಾಗುತ್ತದೆ, ಅದರ ದುರ್ಬಲ ಸೆಕ್ಟರುಗಳು ಬೆಳಕಿಗೆ ಬರುವುದು ಆಗಲೇ. ಎಲ್‌ಎಸ್‌ಬಿಎಲ್‌ಕೆ -ಓ ನೇಮ್,ಸೈಜ್,ಸೀರಿಯಲ್ ಕೊಟ್ಟು, ಚೀಟಿಗೆ ತಾಳೆ ನೋಡಿ, ಕೆಟ್ಟದ್ದನ್ನೇ ಬಿಚ್ಚಿ. ಹೊಸ ಡಿಸ್ಕಿಗೆ ಪಾರ್ಟಿಷನ್ ಪಟ್ಟಿ ನಕಲಿಸಲು ಜಿಡಿಸ್ಕ್ ಪ್ಯಾಕೇಜಿನ ಎಸ್‌ಜಿಡಿಸ್ಕ್ -ಆರ್ ಬಳಸಿ. ಈ ‘ಆರ್’ ದೊಡ್ಡಕ್ಷರ, ಅದರ ಪಕ್ಕದಲ್ಲಿ ಬರೆಯುವುದು ಹೊಸ ಡಿಸ್ಕಿನ ಹೆಸರು, ಕೊನೆಗೆ ಒಳ್ಳೆಯ ಡಿಸ್ಕಿನದು. ತಿರುಗುಮುರುಗಾದರೆ ಖಾಲಿ ಪಟ್ಟಿ ಒಳ್ಳೆಯ ಡಿಸ್ಕಿನ ಮೇಲೆ ಬರೆದುಹೋಗುತ್ತದೆ, ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ಓದಿ. ಬಳಿಕ ಹೊಸದಕ್ಕೆ ದೊಡ್ಡಕ್ಷರದ -ಜಿ ಕೊಟ್ಟು ಗುರುತು ಬದಲಿಸಿ, ಎರಡೂ ಎಂಡಿಗೆ --ಆಡ್ ಮಾಡಿ, ಇಎಫ್‌ಐ ಪಾರ್ಟಿಷನ್ ಫಾರ್ಮ್ಯಾಟ್ ಮಾಡಿ ನಕಲು ಹಾಕಿ. ಹೋಗಿದ್ದು ಮೊದಲ ಡಿಸ್ಕಾಗಿದ್ದರೆ /ಬೂಟ್/ಇಎಫ್‌ಐ ಈಗ ಖಾಲಿ ಇರುತ್ತದೆ. ನಕಲು ಹಾಕುವ ಮುಂಚೆ ಉಳಿದ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿನ ಯುಯುಐಡಿಯನ್ನು ಬಿಎಲ್‌ಕೆಐಡಿ ಆದೇಶದಿಂದ ತಿಳಿದು ಎಫ್‌ಎಸ್‌ಟ್ಯಾಬ್‌ನಲ್ಲಿ ಬದಲಿಸಿ, ಅದನ್ನು ಮೌಂಟ್ ಮಾಡಿ.